ವಿದ್ಯಾರ್ಥಿ ವೇತನ ಯಾರಿಗೆ? ಅರ್ಜಿ ವಾಪಸ್ ಬಂದರೆ ಏನು ಮಾಡಬೇಕು?



ಪದವಿ, ಇಂಜಿನಿಯರಿಂಗ್ ಅಂತ ಓದಬೇಕಾದರೆ ಬುಕ್ಕಾಂಬುಧಿ ಬಿಟ್ಟು ತರೀಕೆರೆ, ಕಡೂರು, ಶಿವಮೊಗ್ಗದ ಕಡೆ ಹೋಗಬೇಕು. ಫೀಸು ಹೇಗೋ ಕಟ್ಟಬಹುದು, ಊಟಕ್ಕೆ, ರೂಮಿಗೆ ಏನು ಮಾಡೋದು? ಈ ಚಿಂತೆಯಿಂದಲೇ ಎಷ್ಟೋ ಜನ ಓದು ಬಿಡುತ್ತಾರೆ. ಅದಕ್ಕಾಗಿಯೇ ವಿದ್ಯಾರ್ಥಿ ವೇತನ ಇರುವುದು. ಡಾ. ಅಂಬೇಡ್ಕರ್ ಅವರು 1913ರಲ್ಲಿ ಅಮೇರಿಕಕ್ಕೆ ಓದಲು ಹೋದದ್ದೂ ಬರೋಡಾ ಮಹಾರಾಜರ ವೇತನದಿಂದ.

ಯಾರಿಗೆ ಸಿಗುತ್ತೆ?

ಜಾತಿ ಅಥವಾ ಪ್ರವರ್ಗ, ಮನೆಯ ವರ್ಷದ ಆದಾಯ, ಓದುವ ಕೋರ್ಸು, ಈ ಮೂರನ್ನೂ ನೋಡುತ್ತಾರೆ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವೇತನಕ್ಕೆ 2021ರ ಕೇಂದ್ರ ನಿಯಮದಲ್ಲಿ ಆದಾಯ ಮಿತಿ ರೂ. 2.5 ಲಕ್ಷ. ಹಿಂದುಳಿದ ವರ್ಗಗಳಲ್ಲಿ ಮಿತಿ ಪ್ರವರ್ಗಕ್ಕೆ ತಕ್ಕಂತೆ ಬೇರೆ ಬೇರೆ. ಆಯಾ ವರ್ಷದ ಪ್ರಕಟಣೆ ಓದಿಕೊಳ್ಳಿ.

ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದವರ ಊಟ, ವಸತಿಗೆ ಅಂತ 2013-14ರಲ್ಲಿ 'ವಿದ್ಯಾಸಿರಿ' ಶುರುವಾಯಿತು. ಆಗ ತಿಂಗಳಿಗೆ ರೂ. 1,500ರಂತೆ 10 ತಿಂಗಳು, ಒಟ್ಟು ರೂ. 15,000. ಸರ್ಕಾರಿ ಹಾಸ್ಟೆಲ್‌ನಲ್ಲಿ ಇರುವವರಿಗೆ ಇದು ಇಲ್ಲ.

ಅರ್ಜಿಗೆ ಮುಂಚೆ

1. ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪತ್ರ ಮೂರರಲ್ಲೂ ಹೆಸರು ಒಂದೇ ಥರ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆದರೂ ತೊಂದರೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಅರ್ಜಿ ತುಂಬುವಾಗಲೇ ಮೇಷ್ಟ್ರಿಗೆ ತೋರಿಸಿ ಸರಿ ಮಾಡಿಸಿ.
2. ಜಾತಿ-ಆದಾಯ ಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ಅದರ ಅವಧಿ ಮುಗಿದಿದೆಯೇ ನೋಡಿ.
3. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಹಣ ನೇರ ಖಾತೆಗೇ ಬರುತ್ತೆ.
4. ಅರ್ಜಿ ಹಾಕುವುದು ರಾಜ್ಯದ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ. ಕೊನೆ ದಿನದವರೆಗೆ ಕಾಯಬೇಡಿ. ಅರ್ಜಿಯ ಪ್ರತಿ ತೆಗೆದಿಡಿ.

ಆಗಲಿಲ್ಲ ಅಂದರೆ?

ಇಲ್ಲೇ ಬಹಳ ಜನ ಸುಮ್ಮನಾಗುವುದು. ಬಾಯಿದ್ದರೆ ಬರಗಾಲದಲ್ಲೂ ಬದುಕಬಹುದು ಅಂತ ಹಿರಿಯರು ಹೇಳಿಲ್ಲವೇ? ಕೇಳಬೇಕು.

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ 'ಸಕಾಲ' ಸಂಖ್ಯೆ ಇರುವ ರಸೀದಿ ಕೊಡುತ್ತಾರೆ. 2011ರ ಸಕಾಲ ಕಾಯ್ದೆಯಂತೆ, ಗೊತ್ತಾದ ದಿನದೊಳಗೆ ಪತ್ರ ಸಿಗದಿದ್ದರೆ ಅಥವಾ ತಿರಸ್ಕರಿಸಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ತಡವಾದ ದಿನಕ್ಕೆ ರೂ. 20ರಂತೆ, ಹೆಚ್ಚೆಂದರೆ ರೂ. 500 ಪರಿಹಾರವೂ ಉಂಟು.

ತಹಶೀಲ್ದಾರರು ಜಾತಿ ಅಥವಾ ಆದಾಯ ಪತ್ರವನ್ನೇ ನಿರಾಕರಿಸಿದರೆ, ಆದೇಶ ಕೈಸೇರಿದ 30 ದಿನದೊಳಗೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬೇಕು. ನಮಗೆ ಆ ಕಚೇರಿ ತರೀಕೆರೆಯಲ್ಲಿದೆ.

ವೇತನದ ಅರ್ಜಿಯೇ ನಿಂತಿದ್ದರೆ ಪೋರ್ಟಲ್‌ನಲ್ಲಿ ಸ್ಥಿತಿ ನೋಡಿ, ಕಾರಣ ಬರೆದುಕೊಳ್ಳಿ. ಆಮೇಲೆ ಕಾಲೇಜಿನಲ್ಲಿ ವಿಚಾರಿಸಿ, ದಾಖಲೆ ಸಮೇತ ಸಂಬಂಧಪಟ್ಟ ಇಲಾಖೆಯ ತಾಲ್ಲೂಕು ಅಧಿಕಾರಿಗೆ ಮನವಿ ಕೊಡಿ. ಬಾಯಿಮಾತಿನಲ್ಲಿ 'ಆಗಲ್ಲ' ಅಂದರೆ ಒಪ್ಪಬೇಡಿ; ಕಾರಣ ಬರೆದ ಹಿಂಬರಹ ಕೇಳಿ. ಕಾಗದದಲ್ಲಿ ಕಾರಣ ಇದ್ದರೆ ತಾನೇ ಮೇಲ್ಮನವಿಗೆ ಬಲ?

ನಿಮ್ಮ ಅಕ್ಕನೋ ಅಣ್ಣನೋ ವೇತನ ಬರಲಿಲ್ಲ ಅಂತ ಕಾಲೇಜು ಬಿಡುವ ಯೋಚನೆಯಲ್ಲಿದ್ದರೆ, ಈ ಪುಟ ಬರೆದುಕೊಂಡು ಹೋಗಿ ಅವರಿಗೆ ಇವತ್ತೇ ಓದಿ ಹೇಳಿ.