ಎರಡು ಹೊಳೆಗಳ ನಡುವಿನ ಅರಕಲಗೂಡು

ಗೊಬ್ಬರಕ್ಕೆ, ಬೀಜಕ್ಕೆ, ತಾಲ್ಲೂಕು ಕಚೇರಿಯ ಪಹಣಿಗೆ ಎಂದು ವರ್ಷಕ್ಕೆ ಎಷ್ಟೋ ಸಲ ಅರಕಲಗೂಡಿಗೆ ಹೋಗಿಬರುವ ಸದಸ್ಯ ಬಂಧುಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಆ ಪೇಟೆಯನ್ನು ಯಾರು ಕಟ್ಟಿದರು, ಅಲ್ಲಿಯೇ ಏಕೆ ಕಟ್ಟಿದರು, ಜನ ಎಷ್ಟಿದ್ದಾರೆ ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ. ತೋಟದ ಸೀಮೆಗೂ ಆ ಊರಿಗೂ ಇರುವ ನಂಟು ಹಳೆಯದು. ಮತ್ತೊಂದು ಜನಗಣತಿಯೂ ಗೊತ್ತಾಗಿರುವುದರಿಂದ ನಾಲ್ಕು ಮಾತು ಬರೆಯೋಣವೆನಿಸಿತು.

ಹಾಸನದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಈ ಊರಿದೆ. ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಹೇಮಾವತಿ, ದಕ್ಷಿಣದಲ್ಲಿ ಕಾವೇರಿ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಹತ್ತಿರ ಹುಟ್ಟಿದ ಹೇಮಾವತಿ ಸಕಲೇಶಪುರದ ಕಾಫಿ ತೋಟಗಳ ನೀರನ್ನೆಲ್ಲ ಹೊತ್ತು, ಗೊರೂರಿನ ಬಳಿ ಯಗಚಿಯನ್ನೂ ಕೂಡಿಸಿಕೊಂಡು ಬರುತ್ತಾಳೆ. ಕಾವೇರಿ ಕೊಡಗಿನಿಂದ ಇಳಿದು ಕೊಣನೂರು, ರಾಮನಾಥಪುರ, ರುದ್ರಪಟ್ಟಣಗಳನ್ನು ಮುಟ್ಟಿ ಹೋಗುತ್ತಾಳೆ. ಕಸಬಾ, ದೊಡ್ಡಮಗ್ಗೆ, ಮಲ್ಲಿಪಟ್ಟಣ, ಕೊಣನೂರು, ರಾಮನಾಥಪುರ ಎಂದು ಐದು ಹೋಬಳಿಗಳು. ಪಡುವಲ ಮಲ್ಲಿಪಟ್ಟಣದ ಕಡೆ ಮಲೆನಾಡಿನ ಗಾಳಿ ಇದೆ, ಕಾಫಿಯೂ ಇದೆ. ಮೂಡಲಿಗೆ ಬಂದಂತೆ ರಾಗಿ ಹೊಲ. ಕಾವೇರಿಯ ಕಡೆ ಹೊಗೆಸೊಪ್ಪು. ಅದರ ಹರಾಜು ಮಾರುಕಟ್ಟೆ ರಾಮನಾಥಪುರದಲ್ಲಿದೆ. ಆಲೂಗೆಡ್ಡೆ, ಶುಂಠಿ ಸಹ ಉಂಟು. ನಾಲೆಯ ನೀರು ಸಿಕ್ಕಿದ ಕಡೆ ಅಡಿಕೆ ಸಸಿ ಎದ್ದಿದೆ. ಹೀಗೆ ಒಂದೇ ತಾಲ್ಲೂಕಿನಲ್ಲಿ ಮಲೆನಾಡೂ ಬಯಲುಸೀಮೆಯೂ ಕೈಗೂಡುತ್ತವೆ.

ಊರಿನ ಹೆಸರನ್ನು ಅರ್ಕ ಎಂದರೆ ಸೂರ್ಯ, ಅರ್ಕೇಶ್ವರ ಎಂದು ಬಿಡಿಸುವುದು ವಾಡಿಕೆ. ಗೌತಮ ಋಷಿಗಳು ಇಲ್ಲಿ ಅರ್ಕೇಶ್ವರನನ್ನು ಸ್ಥಾಪಿಸಿದರೆಂಬುದು ಸ್ಥಳಪುರಾಣ. ಇತಿಹಾಸಕ್ಕೆ ಬಂದರೆ, ಸುಮಾರು 1568ರಲ್ಲಿ ಈ ಊರನ್ನು ಕಟ್ಟಿದವನು ಐಗೂರಿನ ನಾಯಕರಲ್ಲೊಬ್ಬನಾದ ಕೃಷ್ಣಪ್ಪ ನಾಯಕ. ಐಗೂರು ಯಾವುದು? ಸಕಲೇಶಪುರ ತಾಲ್ಲೂಕಿನ, ಇಂದು ಕಾಫಿಯ ನಟ್ಟನಡುವೆ ಇರುವ ಐಗೂರೇ. ಬಲಂ ಸೀಮೆಯ ಒಡೆಯರು ಘಟ್ಟದ ಕಾಡನ್ನೂ ಗದ್ದೆಯನ್ನೂ ಆಳಿಕೊಂಡಿದ್ದವರು. ಅಂಥವರು ಎರಡು ಹೊಳೆಗಳ ನಡುವಿನ ತೆರಪು ನೆಲದಲ್ಲಿ ಊರು ಕಟ್ಟಿದ್ದು ಸರಕು ಮೇಲಿನಿಂದ ಕೆಳಕ್ಕೆ ಇಳಿಯಲೊಂದು ಪೇಟೆ ಬೇಕೆಂದೇ ಇರಬೇಕು. ಇದು ನನ್ನ ಊಹೆ; ಶಾಸನದ ಮಾತಲ್ಲ.

ಆ ಮೇಲೆ ಊರು ಕೈಯಿಂದ ಕೈಗೆ ಹೋಯಿತು. 1647ರಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಹಿಡಿದರು, ತರುವಾಯ ಇಕ್ಕೇರಿಯ ಶಿವಪ್ಪ ನಾಯಕ ಕಿತ್ತುಕೊಂಡ, 1694ರಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರಿಗೆ ಖಾಯಂ ಸೇರಿಸಿದರು. ನೆರೆಯ ಚನ್ನರಾಯಪಟ್ಟಣದ ಕಥೆಯೂ ಹೀಗೆಯೇ. ಮೊದಲು ಕೊಳತೂರೆಂಬ ಅಗ್ರಹಾರ. ಸುಮಾರು 1600ರಲ್ಲಿ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕ ಅದನ್ನು ಹಿಡಿದು ಮಗ ಚನ್ನರಾಯನಿಗೆ ಜಹಗೀರು ಕೊಟ್ಟದ್ದರಿಂದ ಈ ಹೆಸರು. ಬಲಂ ಮನೆತನದ ಕಡೆಯ ವೆಂಕಟಾದ್ರಿ ನಾಯಕನನ್ನು 1802ರಲ್ಲಿ ಇಂಗ್ಲಿಷರು ಗಲ್ಲಿಗೇರಿಸಿದರು. ನಾಲ್ಕು ದಶಕಗಳು ಕಳೆದ ಮೇಲೆ, 1843ರಲ್ಲಿ, ಅದೇ ಮಂಜರಾಬಾದಿನಲ್ಲಿ ಫ್ರೆಡರಿಕ್ ಗ್ರೀನ್ ಎಂಬ ದೊರೆ ಕಾಫಿ ತೋಟ ತೆರೆದ.

ಮೂರು ಪಟ್ಟಣಗಳಲ್ಲಿ ಅರಕಲಗೂಡು ಮಾತ್ರ ಸಣ್ಣದಾಗಿ ಉಳಿಯಿತು. ಹೊಳೆನರಸೀಪುರಕ್ಕೆ ಮೈಸೂರು–ಅರಸೀಕೆರೆ ರೈಲು ಬಂತು. ಚನ್ನರಾಯಪಟ್ಟಣಕ್ಕೆ ಬೆಂಗಳೂರಿನ ಹೆದ್ದಾರಿ ಇತ್ತು, 2017ರಲ್ಲಿ ಬೆಂಗಳೂರು–ಹಾಸನ ರೈಲೂ ಓಡಿತು. ಅರಕಲಗೂಡಿಗೆ ರೈಲಿಲ್ಲ. 2011ರ ಗಣತಿಯಲ್ಲಿ ಚನ್ನರಾಯಪಟ್ಟಣ ಸುಮಾರು 40 ಸಾವಿರ, ಹೊಳೆನರಸೀಪುರ ಸುಮಾರು 30 ಸಾವಿರ. ಅರಕಲಗೂಡು 17 ಸಾವಿರದ ಆಸುಪಾಸು. ಹತ್ತು ವರ್ಷ ಮುಂಚೆ ಅದು 15 ಸಾವಿರವಿತ್ತು.

ಹೊಳೆಗೆ ಕಟ್ಟೆ ಕಟ್ಟಿದ್ದರಿಂದ ಬಂದ ಬದಲಾವಣೆ ಇದಕ್ಕಿಂತ ದೊಡ್ಡದು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿಡಿಯುವ ನೀರು 37 ಟಿ.ಎಂ.ಸಿ.ಯಷ್ಟು. ಬಲದಂಡೆ ನಾಲೆಯಿಂದ ಅರಕಲಗೂಡು, ಹೊಳೆನರಸೀಪುರದ ಹೊಲಗಳು ಗದ್ದೆಯಾದವು. ಎಡದಂಡೆಯ ನೀರು ಚನ್ನರಾಯಪಟ್ಟಣ ದಾಟಿ ತುಮಕೂರಿನವರೆಗೆ ಹೋಯಿತು. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಮಾತ್ರ ಬೇಸಗೆಯಲ್ಲಿ ನೀರು ಇಳಿದಾಗ ಮೇಲೇಳುತ್ತವೆ. ಅದನ್ನು ನೋಡಲು ಬರುವವರಿಗೆ ಕೆಳಗೆ ಯಾರ ಹಿತ್ತಲಿತ್ತೆಂಬುದು ತಿಳಿಯದು.

ಊರು ಬಿಟ್ಟು ಹೋಗುವುದು ಇಲ್ಲಿ ಹೊಸದೇನಲ್ಲ. ಅ.ನ.ಕೃ. ಅವರ ಹೆಸರಿನ ಮೊದಲ ಅಕ್ಷರ ಅರಕಲಗೂಡೇ, ಆದರೆ 1908ರಲ್ಲಿ ಅವರು ಹುಟ್ಟಿದ್ದು ಕೋಲಾರದಲ್ಲಿ. ರುದ್ರಪಟ್ಟಣದ ಸಂಕೇತಿ ಮನೆಗಳಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರು ಹಾಡಿ ಹೆಸರಾದದ್ದು ಬೆಂಗಳೂರಿನಲ್ಲಿ. ಈಗ ಹೋಗುತ್ತಿರುವವರು ನಮ್ಮ ನಿಮ್ಮ ಮಕ್ಕಳು. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇಕಡ 15ಕ್ಕೂ ಮೀರಿ ಏರಿದಾಗ ಹಾಸನ ಜಿಲ್ಲೆಯದು 17,21,669ರಿಂದ 17,76,421ಕ್ಕೆ, ಅಂದರೆ ಶೇಕಡ 3ರಷ್ಟು ಮಾತ್ರ ಏರಿತು. ಚಿಕ್ಕಮಗಳೂರು ಜಿಲ್ಲೆಯಲ್ಲಿ ತುಸು ಇಳಿದೇ ಹೋಯಿತು. ಹಾಸನದಲ್ಲಿ ಸಾವಿರ ಗಂಡಸರಿಗೆ 1,010 ಹೆಂಗಸರೆಂದು ಲೆಕ್ಕ ಬಂತು. ಹೆಮ್ಮೆಯೇ ಸರಿ, ಆದರೆ ದುಡಿಯುವ ಗಂಡುಮಕ್ಕಳು ಊರಲ್ಲಿಲ್ಲವೆಂಬುದೂ ಅದರಲ್ಲಿ ಅಡಗಿರಬಹುದು. ಹಿಂದೊಮ್ಮೆ ಲೆಕ್ಕ ಇಳಿದದ್ದಕ್ಕೆ ಕಾರಣ ಬೇರೆಯಿತ್ತು: 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ದರು, ಧಾತು-ಈಶ್ವರದ ಬರ ಕಳೆದು 1881ರಲ್ಲಿ ಎಣಿಸಿದಾಗ 42 ಲಕ್ಷಕ್ಕೂ ಕಡಿಮೆ.

2011ರಲ್ಲಿ ಗಣತಿಯವರು ನಮ್ಮ ತೋಟಕ್ಕೆ ಬಂದಾಗ ಜಗಲಿಯಲ್ಲಿ ಕಾಫಿ ಕುಡಿದು, ಮನೆಯವರ ಹೆಸರು ಬರೆದುಕೊಂಡು ಹೋದರು. ಹಿಂದಿನ ಲೈನಿನಲ್ಲಿ ಕೊಯ್ಲಿಗೆ ಬಂದು ನೆಲೆಸಿದ್ದ ಎರಡು ಸಂಸಾರಗಳಿದ್ದವು. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ರಾತ್ರಿ ನೆನಪಾಯಿತು, ಬೆಳಗ್ಗೆ ಕೆಲಸದಲ್ಲಿ ಮರೆಯಿತು. ಆ ಸಂಸಾರಗಳನ್ನು ಅವರ ಊರಿನಲ್ಲಿಯೂ ಯಾರೂ ಬರೆದುಕೊಂಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಪಡಿತರದ ಅಕ್ಕಿ, ಶಾಲೆ, ಆಸ್ಪತ್ರೆ, ಕ್ಷೇತ್ರದ ಗಡಿ ಎಲ್ಲವೂ ಈ ತಲೆಯೆಣಿಕೆಯ ಮೇಲೆಯೇ ನಡೆಯುತ್ತವೆ.

2021ರಲ್ಲಿ ಆಗಬೇಕಿದ್ದ ಗಣತಿ ಕೊರೊನಾ ದೆಸೆಯಿಂದ ನಿಂತು, 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ಮುಂದಿನ ಗಣತಿಯೆಂದು 2025ರ ಜೂನ್‌ನಲ್ಲಿ ಸರ್ಕಾರ ಪ್ರಕಟಿಸಿತು. ಮನೆ ಮನೆಯ ಎಣಿಕೆ ಫೆಬ್ರವರಿಯಲ್ಲಿ. ನಮ್ಮಲ್ಲಿ ಆಗ ರೋಬಸ್ಟಾ ಕೊಯ್ಲು ನಡೆದಿರುತ್ತದೆ, ಲೈನುಗಳಲ್ಲಿ ಜನ ತುಂಬಿರುತ್ತಾರೆ. ಸದಸ್ಯರು ಜನವರಿಯಲ್ಲಿಯೇ ತಮ್ಮ ಲೈನಿನಲ್ಲಿರುವ ಪ್ರತಿಯೊಬ್ಬರ ಹೆಸರು, ವಯಸ್ಸು, ಊರು, ಕೂಸುಗಳನ್ನೂ ಬಿಡದೆ, ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಒಳ್ಳೆಯದು. ಬೆಂಗಳೂರಿನಲ್ಲಿ ಸಂಸಾರ ಹೂಡಿರುವ ಮಗನನ್ನು ಅಭಿಮಾನಕ್ಕೆ ಇಲ್ಲಿಯೂ ಬರೆಸುವುದು ಬೇಡ, ಅವನನ್ನು ಅಲ್ಲಿ ಬರೆಯುತ್ತಾರೆ. ಹಾಳೆ ಬರೆಯುವುದು ತೊಡಕಾದವರು ಸಂಘದ ಕಚೇರಿಗೆ ಹೇಳಿಕಳಿಸಿದರೆ ಗುಮಾಸ್ತರು ಬರೆದುಕೊಡುತ್ತಾರೆ.