ಒಂಬತ್ತನೇ ಮಹಡಿಯ ಹೋಮಕುಂಡ

ಸರ್ವಿಸ್ ಲಿಫ್ಟಿನಲ್ಲಿ ಮೊದಲು ಮೇಲೇರಿದ್ದು ಇಟ್ಟಿಗೆ. ಹಿಂದೆಯೇ ಎರಡು ಬಕೆಟ್ ಮರಳು, ಹಲಸಿನ ಕಟ್ಟಿಗೆ ತುಂಬಿದ ಗೋಣಿ, ಬೆರಣಿಯ ರಟ್ಟಿನ ಪೆಟ್ಟಿಗೆ, ಬಾಳೆಕಂದು, ಒಂದು ಕಬ್ಬಿನ ಜಲ್ಲೆ. ಜಲ್ಲೆ ಲಿಫ್ಟಿನ ಎತ್ತರಕ್ಕೆ ಒಗ್ಗದೆ ಓರೆಯಾಗಿ ನಿಂತು ಸೆಕ್ಯುರಿಟಿಯವನ ಟೊಪ್ಪಿಯನ್ನು ತಿವಿಯುತ್ತಿತ್ತು. ಬೆಳಗಿನ ಜಾವ ನಾಲ್ಕೂವರೆ. ಬೆಳ್ಳಂದೂರು ಕಡೆಯ ಈ ಅಪಾರ್ಟ್‌ಮೆಂಟಿನಲ್ಲಿ ಆ ಹೊತ್ತಿಗೆ ಎಚ್ಚರವಿದ್ದವರು ಕಡಿಮೆ. ಅಮೆರಿಕದ ಕಚೇರಿಯ ಜೊತೆ ಫೋನಿನಲ್ಲಿ ಮಾತಾಡುತ್ತ ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದ ಹುಡುಗನೊಬ್ಬ ಕಬ್ಬಿಗೆ ದಾರಿ ಬಿಟ್ಟು ಮಾತು ಮುಂದುವರಿಸಿದ.

ಮನೆಯವರು ಉಡುಪಿ ಕಡೆಯವರು. ಗೃಹಪ್ರವೇಶ. ಹಿಂದಿನ ರಾತ್ರಿಯೇ ವಾಸ್ತು ಪೂಜೆ, ರಾಕ್ಷೋಘ್ನ ಹೋಮ ಮುಗಿದಿದ್ದವು. ಈಗ ಒಂದು ಕಾಯಿ ಗಣಹೋಮ. ಬಾಡಿಗೆಗೆ ಬಂದಿದ್ದ ಹಸು ಮತ್ತು ಕರು ಲಾಬಿಯ ಹೊಳೆಯುವ ಗ್ರಾನೈಟ್ ನೋಡಿ ಕಾಲೂರಲು ಒಪ್ಪದೆ ಗೇಟಿನ ಬಳಿಯೇ ಅಕ್ಕಿ-ಬೆಲ್ಲ ತಿಂದು ಹೊರಟುಹೋದವು. ಗೋವಿನ ವಿವೇಕ ದೊಡ್ಡದು.

ಭಟ್ಟರು ಕುಂಡಕ್ಕೆ ಜಾಗ ಹುಡುಕಿದ್ದು ನೆಲದಲ್ಲಲ್ಲ, ಸೂರಿನಲ್ಲಿ. ತಲೆಯೆತ್ತಿ ಹಾಲನ್ನು ಒಂದು ಸುತ್ತು ಬಂದರು. ಹೊಗೆ ಕಂಡರೆ ಕೂಗುವ ಯಂತ್ರಕ್ಕೆ ಮನೆಯ ಮಗ ಸ್ನಾನದ ಪ್ಲಾಸ್ಟಿಕ್ ಟೊಪ್ಪಿ ತೊಡಿಸಿಯಾಗಿತ್ತು. ಸ್ಪ್ರಿಂಕ್ಲರಿಗೆ ಮಾತ್ರ ಹಾಗೆ ಮೋಸ ಮಾಡಲು ಬರುವುದಿಲ್ಲ. ಅದು ಹೊಗೆಗೆ ಅಂಜುವುದಲ್ಲ, ಬಿಸಿಗೆ. ಮೂತಿಯಲ್ಲಿರುವ ಕೆಂಪು ದ್ರವದ ಗಾಜಿನ ಗುಂಡು 68 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಒಡೆಯುತ್ತದೆ, ನೀರು ಸುರಿಯುತ್ತದೆ.

"ಭಟ್ರೇ, ಹೋಮ ಅಗ್ನಿಮೂಲೆಯಲ್ಲೇ ಆಗ್ಬೇಕಲ್ವಾ?" ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ಅಜ್ಜಿ ಕೇಳಿದರು.

"ಹೌದಮ್ಮ. ಆದ್ರೆ ನಿಮ್ಮ ಅಗ್ನಿಮೂಲೆಯ ನೆತ್ತಿ ಮೇಲೆ ವರುಣ ಕೂತಿದ್ದಾನೆ ನೋಡಿ."

ಕುಂಡ ಬಾಲ್ಕನಿಯ ಬಾಗಿಲಿನ ಕಡೆಗೆ ಜರುಗಿತು. ಟೈಲ್ಸಿನ ಮೇಲೆ ತಗಡು, ತಗಡಿನ ಮೇಲೆ ಮರಳು, ಮರಳಿನ ಮೇಲೆ ಚೌಕವಾಗಿ ಇಟ್ಟಿಗೆ. ಸುತ್ತ ರಂಗೋಲಿಯ ಗೆರೆ, ನಾಲ್ಕು ಕಡೆ ದರ್ಭೆ. ಬಾಳೆ ಎಲೆಯ ಮೇಲೆ ಅಷ್ಟದ್ರವ್ಯ ಸೇರತೊಡಗಿತು. ಅವಲಕ್ಕಿ, ಅರಳು, ಹಿಟ್ಟು, ಎಳ್ಳು, ತೆಂಗಿನಕಾಯಿಯ ಚೂರು, ಚೆನ್ನಾಗಿ ಕಳಿತ ಬಾಳೆಹಣ್ಣು, ಜಲ್ಲೆಯಿಂದ ಕತ್ತರಿಸಿದ ಕಬ್ಬಿನ ತುಂಡು, ಮೋದಕ. ಇದಿಷ್ಟಕ್ಕೂ ಬೆಲ್ಲ, ತುಪ್ಪ ಬಿದ್ದು ಭಟ್ಟರ ಕೈ ಕಲಸುವಾಗ ಎದ್ದ ಪರಿಮಳವಿದೆಯಲ್ಲ, ಅದಕ್ಕೆ ಹೊಸ ಮನೆಯ ಪೇಂಟು, ಪ್ಲೈವುಡ್ಡಿನ ಅಂಟು ಎರಡರ ವಾಸನೆಯೂ ಸ್ವಲ್ಪ ಹೊತ್ತು ಸೋತು ಕೂತವು. ನನ್ನ ಪ್ರಕಾರ ಗಣಹೋಮದ ಅತ್ಯುತ್ತಮ ಗಳಿಗೆ ಇದೇ. ಇನ್ನೂ ಬೆಂಕಿ ಬಿದ್ದಿಲ್ಲ, ಹಸಿವು ಮಾತ್ರ ಹತ್ತಿಕೊಂಡಿದೆ.

ಸಂಕಲ್ಪ ಶುರುವಾಯಿತು. ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣ ತೀರ, ಶಾಲಿವಾಹನ ಶಕೆ, ಸಂವತ್ಸರ, ತಿಥಿ, ನಕ್ಷತ್ರ ಎಂದು ಸುತ್ತು ಕಿರಿದಾಗುತ್ತ ಕಿರಿದಾಗುತ್ತ ಕೊನೆಗೆ ಗಂಡ-ಹೆಂಡತಿಯ ಗೋತ್ರ, ಹೆಸರಿಗೆ ಬಂದು ನಿಂತಿತು. ಇಪ್ಪತ್ತು ವರ್ಷದ ಸಾಲದ ಕಾಗದದಲ್ಲಿ ಟವರ್, ಬ್ಲಾಕ್, ಫ್ಲಾಟ್ ಸಂಖ್ಯೆ ಎಂದಷ್ಟೇ ಇದ್ದ ಜಾಗಕ್ಕೆ ಭೂಮಂಡಲದಲ್ಲೊಂದು ವಿಳಾಸ ಸಿಕ್ಕಿತು. ಮನೆಯಾಕೆ ಕೈಯಲ್ಲಿದ್ದ ಅಕ್ಷತೆಯನ್ನು ಬಿಡುವ ಮೊದಲು ಒಮ್ಮೆ ಗೋಡೆಗಳನ್ನು ನೋಡಿದರು.

ಆಮೇಲೆ ಅಗ್ನಿ. ಬೆರಣಿಯ ಚೂರುಗಳ ನಡುವೆ ಕರ್ಪೂರ ಇಟ್ಟು ಹಚ್ಚಿದರು. ಈಗ ಅಂಗಡಿಯಲ್ಲಿ ಸಿಗುವ ಕರ್ಪೂರದ ಬಹುಪಾಲು ಮರದಿಂದ ಇಳಿಸಿದ್ದಲ್ಲ, ಟರ್ಪೆಂಟೈನಿನಿಂದ ತಯಾರಾಗುವಂಥದ್ದು. ಉರಿದರೆ ಕರಿ ಮಸಿ. ಬೆರಣಿ ಹತ್ತಿಕೊಂಡಿತು, ಕಟ್ಟಿಗೆ ಹತ್ತಲಿಲ್ಲ. ಹಿಂದಿನ ಸಂಜೆ ಸುರಿದ ಮಳೆಯಲ್ಲಿ ಗೋಣಿ ನೆನೆದಿತ್ತು.

"ಕಟ್ಟಿಗೆ ಸ್ವಲ್ಪ ಚಂಡಿ ಉಂಟು ಮಾರಾಯ್ರೆ," ಎಂದರು ಭಟ್ಟರು.

ಹೊಗೆ ಮೊದಲು ನೇರ ಎದ್ದಿತು. ಸೂರಿಗೆ ತಾಗಿ ಹೊರಹೋಗಲು ದಾರಿ ಕಾಣದೆ ನಾಲ್ಕೂ ದಿಕ್ಕಿಗೆ ಹರಡಿ, ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು. ಮೊದಲು ಗಡಿಯಾರ ಮುಳುಗಿತು, ಆಮೇಲೆ ಟಿವಿ, ಆಮೇಲೆ ನಿಂತವರ ಮುಖ. ಕೂತವರು ಸೆರಗು, ಶಲ್ಯ ಮೂಗಿಗೆ ಹಿಡಿದರು. ಕಿಟಕಿಗಳೆಲ್ಲ ಮುಚ್ಚಿದ್ದವು. ರಿಂಗ್ ರೋಡಿನ ದೂಳು, ಲಾರಿಗಳ ಸದ್ದು, ಸೊಳ್ಳೆ ಮೂರಕ್ಕೂ ಹೆದರಿ ಈ ಮನೆಯವರು ಕಿಟಕಿ ತೆಗೆಯುವುದೇ ಇಲ್ಲವಂತೆ. ಮೂಲೆಯಲ್ಲಿ ಗಾಳಿ ಶುದ್ಧಿಯ ಯಂತ್ರವೊಂದು ತನ್ನಷ್ಟಕ್ಕೆ ಹಸಿರು ದೀಪ ಉರಿಸಿಕೊಂಡಿತ್ತು. ಅದರ ಅಂಕಿ ನಲವತ್ತರ ಆಸುಪಾಸಿನಿಂದ ಏರತೊಡಗಿ, ದೀಪ ಹಳದಿಯಾಗಿ, ಕೆಂಪಾಗಿ, ಕೊನೆಗೆ 999ಕ್ಕೆ ಬಂದು ನಿಂತುಬಿಟ್ಟಿತು. ಆ ಯಂತ್ರಕ್ಕೆ ಅದರಾಚೆ ಎಣಿಸಲು ಬರುವುದಿಲ್ಲ. ಉಬ್ಬಸದ ಮೊಮ್ಮಗಳನ್ನು ಅವಳ ತಾಯಿ ಇನ್‌ಹೇಲರ್ ಸಮೇತ ಎದುರು ಫ್ಲಾಟಿಗೆ ದಾಟಿಸಿದರು.

ಹೋಮದ ಹೊಗೆ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬ ಮಾತು ಇಂಥ ಮನೆಗಳಲ್ಲಿ ಈಗ ಹೆಚ್ಚು ಕೇಳುತ್ತದೆ. ಊರಿನಲ್ಲಿದ್ದಾಗ ಯಾರೂ ಇಷ್ಟು ಸಮರ್ಥನೆ ಹುಡುಕುತ್ತಿರಲಿಲ್ಲ. ಆ ಬೆಳಿಗ್ಗೆಯೂ ಮಾವನೊಬ್ಬರು ಹೊಗೆಯೊಳಗಿಂದಲೇ, ಹತ್ತು ಗ್ರಾಂ ಹಸುವಿನ ತುಪ್ಪ ಉರಿದರೆ ಒಂದು ಟನ್ ಆಮ್ಲಜನಕ ಹುಟ್ಟುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ಓದಿ ಹೇಳಿ ಕೆಮ್ಮಿದರು. ಉರಿಯುವುದೆಂದರೆ ಆಮ್ಲಜನಕವನ್ನು ತಿನ್ನುವುದು. ಹೈಸ್ಕೂಲಿನಲ್ಲಿ ಉರಿಯುವ ಮೊಂಬತ್ತಿಯ ಮೇಲೆ ಗಾಜಿನ ಲೋಟ ಕವುಚಿ ನೋಡಿದ ಯಾರಿಗಾದರೂ ಇದು ಗೊತ್ತು. 1984ರ ಡಿಸೆಂಬರಿನ ಭೋಪಾಲದ ಅನಿಲ ದುರಂತದಲ್ಲಿ ಅಗ್ನಿಹೋತ್ರ ಮಾಡುತ್ತಿದ್ದ ಕುಟುಂಬ ಬದುಕುಳಿಯಿತೆಂಬ ಕಥೆಯೂ ನಲವತ್ತು ವರ್ಷದಿಂದ ಸುತ್ತುತ್ತಿದೆ. ಆ ರಾತ್ರಿ ಯಾರು ಉಳಿದರು, ಯಾರು ಸತ್ತರು ಎಂಬುದರಲ್ಲಿ ಗಾಳಿ ಬೀಸಿದ ದಿಕ್ಕಿನ ಪಾಲು ದೊಡ್ಡದು.

ಎಲ್ಲವೂ ಬರೀ ಬುರುಡೆ ಎನ್ನುವುದೂ ಸರಿಯಲ್ಲ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಮುಚ್ಚಿದ ಕೋಣೆಯಲ್ಲಿ ಕಟ್ಟಿಗೆಯೊಂದಿಗೆ ಹವನ ಸಾಮಗ್ರಿ ಉರಿಸಿದಾಗ ಒಂದು ಗಂಟೆಯಲ್ಲಿ ಗಾಳಿಯೊಳಗಿನ ಬ್ಯಾಕ್ಟೀರಿಯಾ ಶೇ. 94ಕ್ಕೂ ಹೆಚ್ಚು ಇಳಿದಿತ್ತು. ಆದರೆ ಅವರು ಎಣಿಸಿದ್ದು ಬ್ಯಾಕ್ಟೀರಿಯಾವನ್ನು. ಬೆಳ್ಳಂದೂರಿನ ಕಿಟಕಿ ಮುಚ್ಚಿಸಿದ್ದು ಬ್ಯಾಕ್ಟೀರಿಯಾ ಅಲ್ಲ. ಡೀಸೆಲ್ಲು, ರಸ್ತೆಯ ದೂಳು, ಕಟ್ಟಡ ಕಾಮಗಾರಿ, ರಾತ್ರಿ ಕಸಕ್ಕೆ ಇಡುವ ಬೆಂಕಿ. ಇವುಗಳಿಂದೇಳುವ ಅತಿ ಸೂಕ್ಷ್ಮ ಕಣ 2.5 ಮೈಕ್ರಾನಿಗಿಂತ ಸಣ್ಣದು, ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿಗೂ ಕಡಿಮೆ. ಅಂಥ ಕಣ ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 15 ಮೈಕ್ರೊಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 60. ಕಟ್ಟಿಗೆ ಉರಿದರೆ ಹುಟ್ಟುವುದೂ ಅದೇ ಕಣ. ಮಂತ್ರ ಹೇಳಿ ಉರಿಸಿದರೂ, ಅನ್ನಕ್ಕೆ ಉರಿಸಿದರೂ. 2018ರ ಮಾರ್ಚಿನಲ್ಲಿ ಮೀರತ್ತಿನಲ್ಲಿ ಮಾಲಿನ್ಯ ಕಳೆಯಲೆಂದೇ ಒಂಬತ್ತು ದಿನದ ಯಜ್ಞಕ್ಕೆ 500 ಕ್ವಿಂಟಲ್ ಮಾವಿನ ಕಟ್ಟಿಗೆ ಕೂಡಿಹಾಕಿದ ಸುದ್ದಿ ಬಂದಾಗ ಎದ್ದ ಗಲಾಟೆ ಇದಕ್ಕೇ.

ಶಾಸ್ತ್ರವೇನು ಹೊಗೆಯ ಪರ ನಿಂತಿದೆಯೇ? ಗೀತೆಯ 18ನೇ ಅಧ್ಯಾಯದಲ್ಲಿ ಕರ್ಮಕ್ಕಂಟಿದ ದೋಷವನ್ನು ಹೋಲಿಸಿರುವುದೇ ಬೆಂಕಿಯ ಹೊಗೆಗೆ. ನುರಿತ ಪುರೋಹಿತರು ಹೊಗೆಯಾಡುವ ಕುಂಡಕ್ಕೆ ಆಹುತಿ ಹಾಕಲು ಮನಸ್ಸು ಮಾಡುವುದಿಲ್ಲ, ಜ್ವಾಲೆ ಏಳಲೆಂದು ಕಾಯುತ್ತಾರೆ.

ಅಜ್ಜಿಗೆ ಹೊಗೆ ಹೊಸದಲ್ಲ. "ನಮ್ಮಲ್ಲಿ ಹೊಗೆ ನಿಲ್ತಾನೇ ಇರ್ಲಿಲ್ಲ," ಎಂದರು, ಕಣ್ಣೊರೆಸಿಕೊಳ್ಳುತ್ತ. ಅವರ ತೌರಿನದು ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಹೆಂಚಿನ ಸಂದುಸಂದಿನಲ್ಲಿ ಗಾಳಿ. ಹೋಮದ ಹೊಗೆ ತೊಟ್ಟಿಯಿಂದ ಮೇಲೆ ಹೋದರೆ, ಒಲೆಯ ಹೊಗೆ ಅಟ್ಟಕ್ಕೇರಿ ಅಲ್ಲಿಟ್ಟ ಬಿತ್ತನೆ ಬೀಜವನ್ನು ಹುಳದಿಂದ ಕಾಯುತ್ತಿತ್ತು, ತೊಲೆ-ಜಂತಿಗಳಿಗೆ ಕರಿ ಬಣ್ಣ ಬಳಿದು ಗೊರಲೆ ಹತ್ತದಂತೆ ನೋಡಿಕೊಳ್ಳುತ್ತಿತ್ತು. ಅಡುಗೆಮನೆಯ ಹೆಂಗಸರ ಎದೆಯನ್ನೂ ಅದು ಕರಿ ಮಾಡುತ್ತಿತ್ತು ಎಂಬುದನ್ನು ಮಾತ್ರ ನಮ್ಮ ತೊಟ್ಟಿಮನೆಯ ಹಾಡುಗಬ್ಬಗಳಲ್ಲಿ ಯಾರೂ ಬರೆಯುವುದಿಲ್ಲ. ಏನೇ ಇರಲಿ, ಈ ಕ್ರಿಯೆ ರೂಪುಗೊಂಡದ್ದು ಉಸಿರಾಡುವ ಕಟ್ಟಡಗಳಲ್ಲಿ. ದೊಡ್ಡ ಶ್ರೌತ ಯಾಗಗಳಂತೂ ಮನೆಯೊಳಗೆ ನಡೆದವೇ ಅಲ್ಲ. ಕೇರಳದ ಪಾಂಜಾಳದಲ್ಲಿ 1975ರಲ್ಲಿ ನಡೆದ ಅತಿರಾತ್ರವೆಂಬ ಯಾಗಕ್ಕೆ ಬಯಲಿನಲ್ಲೇ ಚಪ್ಪರ ಹಾಕಿದ್ದರು, ಮುಗಿದ ಮೇಲೆ ಅದನ್ನೂ ಸುಟ್ಟರು. ಫ್ಲಾಟಿನಲ್ಲಿ ಉಳಿದಿರುವುದು ಕುಂಡ ಮಾತ್ರ. ಅಂಗಳ ಹೋಯಿತು, ಮಾಡು ಹೋಯಿತು, ಗಾಳಿ ಹೋಯಿತು.

ಇದನ್ನು ಭಟ್ಟರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. "ಕಿಟಕಿ ತೆಗೀರಿ, ಎಲ್ಲ ತೆಗೀರಿ. ಬಾಗಿಲೂ."

"ದೂಳು ಬರ್ತದಲ್ಲಾ ಭಟ್ರೇ?"

"ಬರ್ಲಿ. ಮತ್ತೆ ಗುಡಿಸ್ಬಹುದು."

ಬಾಲ್ಕನಿಯ ಗಾಜು ಜಾರಿತು. ಅಡುಗೆಮನೆಯ ಚಿಮಣಿ ಗರ್ರೆಂದಿತು. ನೆನೆದ ತುಂಡುಗಳನ್ನು ಇಕ್ಕಳದಲ್ಲಿ ಹೊರಗೆಳೆದು, ಗೋಣಿಯ ತಳದಲ್ಲಿದ್ದ ಒಣ ಸೀಳುಗಳನ್ನೇ ಆರಿಸಿ, ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ, ನಡುವೆ ಗಾಳಿಗೆ ಜಾಗ ಬಿಟ್ಟು, ಭಟ್ಟರು ತುಪ್ಪ ಸುರಿದು ಬೀಸಣಿಗೆ ಆಡಿಸಿದರು. ಬುಸ್ಸೆಂದು ಒಮ್ಮೆ ಸದ್ದಾಗಿ ಜ್ವಾಲೆ ಎದ್ದಿತು. ನೀಲಿ ಬುಡ, ಕೇಸರಿ ತುದಿ. ಅಷ್ಟದ್ರವ್ಯ ಹಿಡಿಹಿಡಿಯಾಗಿ ಬಿತ್ತು. ಪ್ರತಿ ಸ್ವಾಹಾಕ್ಕೂ ಅರಳು ಚಟಚಟ ಸಿಡಿಯಿತು, ಬೆಲ್ಲ ಕರಗಿ ಕಂದಾಯಿತು, ಎಳ್ಳು ಹಾರಿತು. ಮನೆಯಾತನ ಹಣೆ, ಕೆನ್ನೆ ಕೆಂಪೇರಿ ಬೆವರಿಳಿಯುತ್ತಿದ್ದರೂ ಕೈಯಲ್ಲಿ ತುಪ್ಪ ಎರೆಯುವ ಸ್ರುವ ತಾಳ ತಪ್ಪಲಿಲ್ಲ. ವಾರವಿಡೀ ಪರದೆಯ ಮುಂದೆ ಕೂರುವ ಮನುಷ್ಯ ಒಂದು ಗಂಟೆ ಬೆಂಕಿಯ ಮುಂದೆ ಕೂತಿದ್ದ, ಹೆಂಡತಿಯ ಕೈ ಅವನ ತೋಳಿಗೆ ತಾಗಿಕೊಂಡಿತ್ತು, ಇಬ್ಬರ ಫೋನೂ ಒಳಕೋಣೆಯಲ್ಲಿತ್ತು. ಹೋಮದಿಂದ ಮನೆ ಶುದ್ಧವಾಗುತ್ತದೆ ಎಂಬ ಮಾತನ್ನು ಈ ಅರ್ಥದಲ್ಲಾದರೆ ನಾನು ಒಪ್ಪುತ್ತೇನೆ. ಅದಕ್ಕೆ ಮೈಕ್ರೊಗ್ರಾಮಿನ ಸಾಕ್ಷಿ ಬೇಕಿಲ್ಲ.

ತೆರೆದ ಬಾಲ್ಕನಿಯಾಚೆ ಬೆಳಕು ಹರಿದು ಕೆರೆ ಕಾಣಿಸಿತು. 2017ರ ಫೆಬ್ರುವರಿಯಲ್ಲಿ ಬೆಂಕಿ ಹತ್ತಿಕೊಂಡಿದ್ದ, 2018ರ ಜನವರಿಯಲ್ಲಿ ಮತ್ತೆ ಹೊತ್ತಿ ಉರಿದಾಗ ಸೇನೆಯವರೂ ಬಂದು ನಂದಿಸಬೇಕಾದ ಬೆಳ್ಳಂದೂರು ಕೆರೆ. ಊರಿನ ಕೊಳಚೆಯನ್ನೆಲ್ಲ ನುಂಗಿದ ನೀರಿನ ಮೇಲೆ ಬೆಳೆದ ಜೊಂಡು, ಸುರಿದ ಕಸ ಆಗ ಹೊತ್ತಿಕೊಂಡಿದ್ದವು. ಅದಕ್ಕೆ ಯಾವ ಭಟ್ಟರೂ ಸಂಕಲ್ಪ ಮಾಡಿಸಿರಲಿಲ್ಲ.

ಪೂರ್ಣಾಹುತಿಗೆ ಎಲ್ಲರೂ ಎದ್ದು ನಿಂತರು. ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಕೊಬ್ಬರಿ ಗಿಟುಕು ತುಪ್ಪದ ಧಾರೆಯೊಂದಿಗೆ ಜಾರಿ ಕೆಂಡದೊಳಗೆ ಕೂತಿತು. ಎದುರು ಫ್ಲಾಟಿನಿಂದ ಮೊಮ್ಮಗಳು ಮರಳಿದಳು, ಹೊಸ್ತಿಲಲ್ಲೇ ನಿಂತು ಮೂಗರಳಿಸಿ, "ಹೋಳಿಗೆ ಸುಟ್ಟುಹೋಯ್ತಾ?" ಎಂದಳು. ಯಂತ್ರದ ಅಂಕಿ ಮೂರಂಕಿಯಲ್ಲೇ ಇದ್ದರೂ ಇಳಿಮುಖವಾಗಿತ್ತು. ಭಟ್ಟರು ತುಪ್ಪದಲ್ಲಿ ಕಲಸಿದ ಭಸ್ಮವನ್ನು ಎಲ್ಲರ ಹಣೆಗಿಟ್ಟರು.

ಉಳಿದ ಬೂದಿಯದು ಬೇರೆ ರಾಮಾಯಣ. ಹಸಿ ಕಸವೋ ಒಣ ಕಸವೋ ಎಂದು ಸೆಕ್ಯುರಿಟಿಯವನಿಗೆ ಗೊತ್ತಿಲ್ಲ. ಮರದ ಬುಡಕ್ಕೆ ಹಾಕಬೇಕೆಂದು ಅಜ್ಜಿ. ಆದರೆ ಇಲ್ಲಿಯ ತೋಟ ಕಾರ್ ಪಾರ್ಕಿಂಗಿನ ಮಾಡಿನ ಮೇಲಿದೆ, ಮರಗಳೆಲ್ಲ ಕುಂಡದಲ್ಲಿವೆ. ಕೆಂಡ ಆರುವವರೆಗೆ ಬಕೆಟ್ಟಿನಲ್ಲೇ ಇರಲಿ ಎಂದಾಯಿತು. ಇಡ್ಲಿ, ಗಣಹೋಮದ ಪ್ರಸಾದ ಎಲೆಗೆ ಬಿದ್ದವು. ಭಟ್ಟರು ಎರಡೇ ಇಡ್ಲಿ ತಿಂದು ಎದ್ದರು, ಸಿ ಟವರಿನಲ್ಲಿ ಇನ್ನೊಂದು ಗೃಹಪ್ರವೇಶವಿತ್ತು. ಲಿಫ್ಟಿಗೆ ಕಾಯುತ್ತ ಆ ಮನೆಯವರಿಗೆ ಫೋನು ಹಚ್ಚಿದರು.

"ಸಾಮಾನೆಲ್ಲ ಬಂತಾ? ಸರಿ. ಬಾಲ್ಕನಿ ಯಾವ ಕಡೆ ಉಂಟು? ಮತ್ತೆ ನಿಮ್ಮ ಕಿಟಕಿ ಪೂರ್ತಿ ತೆರೀಲಿಕ್ಕೆ ಬರ್ತದಾ, ಇಲ್ಲಾ ಅರ್ಧವೋ?"