ನಾಚಿಕೆ ಯಾರ ಮೇಲೂ ಬೀಳುವುದಿಲ್ಲ

‘ಶೇಮ್ ಆನ್ ಯು’ ಎಂಬುದನ್ನು ‘ನಿಮ್ಮ ಮೇಲೆ ನಾಚಿಕೆ’ ಎಂದು ಕನ್ನಡಿಸುವುದು ತಪ್ಪು. ಇಂಗ್ಲಿಷಿನಲ್ಲಿ ನಾಚಿಕೆಯನ್ನು ಹೊರಗಿನವರು ಹೊರಿಸಬಹುದು. ಕನ್ನಡದಲ್ಲಿ ಅದು ಬರಬೇಕು, ಇಲ್ಲವೇ ಆಗಬೇಕು. ಅದಕ್ಕೇ ಗದಗ-ಬೆಟಗೇರಿಯ ಬೈಗುಳ ಪ್ರಶ್ನೆಯಾಗಿ ಹೊರಡುತ್ತದೆ: ‘ನಾಚಿಕಿ ಬರಂಗಿಲ್ಲೇನ್ ನಿನಗ?’ ಉತ್ತರ ಕೊಡಬೇಕಾದವನು ಬೈಸಿಕೊಂಡವನೇ. ಆದರೆ ಇದು ಕಿರಿಯರಿಗೆ, ಓರಗೆಯವರಿಗೆ ಮಾತ್ರ ಸಲ್ಲುವ ಮಾತು. ಹಿರಿಯರೆದುರು ಅದೇ ಸಿಟ್ಟು ‘ಇದು ನಿಮಗ ಶೋಭಾ ತರತೈತೇನ್ರೀ?’ ಎಂದಾಗುತ್ತದೆ, ಆ ‘ರೀ’ ಮರ್ಯಾದೆ ಉಳಿಸುತ್ತಲೇ ಚುಚ್ಚುತ್ತದೆ. ಇಂಗ್ಲಿಷಿನ ‘ಯು’ಗೆ ನೀನು-ನೀವುಗಳ ಉಸಾಬರಿಯಿಲ್ಲ. ನಮ್ಮವರು ಸಿಟ್ಟಿನಲ್ಲಿ ಇಂಗ್ಲಿಷಿಗೆ ಜಿಗಿಯುವುದಕ್ಕೆ ಅರ್ಧ ಕಾರಣ ಈ ಅನುಕೂಲವೇ ಎಂಬುದು ನನ್ನ ಗುಮಾನಿ.

ನುಡಿಯ ಬಗೆಗಿನ ಇಂಥ ತಕರಾರು ಬರೀ ಮಡಿವಂತಿಕೆ ಎನ್ನುವವರಿದ್ದಾರೆ. ಈ ಜಗಳ ಗದಗಿನ ನೆಲಕ್ಕೆ ಹೊಸತಲ್ಲ. ಇಂದಿನ ಲಕ್ಷ್ಮೇಶ್ವರವೇ ಪುಲಿಗೆರೆ. ಕವಿರಾಜಮಾರ್ಗ ತಿರುಳ್ಗನ್ನಡದ ನಾಲ್ಕು ಊರುಗಳಲ್ಲಿ ಅದನ್ನೂ ಎಣಿಸಿತು, ಪಂಪ ತನ್ನ ಭಾರತಕ್ಕೆ ಅಲ್ಲಿಯ ನುಡಿಯನ್ನೇ ಆಯ್ದುಕೊಂಡ. ಮುಳಗುಂದದ ನಯಸೇನ 1112ರಲ್ಲಿ ಕನ್ನಡಕ್ಕೆ ಸಂಸ್ಕೃತ ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಹಂಗಿಸಿದ, ತಾನು ಮಾತ್ರ ಸಂಸ್ಕೃತವನ್ನು ಪೂರಾ ಬಿಡಲಿಲ್ಲ. ಪದ ಎರವಲು ತರುವುದರ ಬಗ್ಗೆ ನನಗೂ ತಕರಾರಿಲ್ಲ. ‘ಧಿಕ್ಕಾರ’ವನ್ನೇ ನೋಡಿ. ಸಂಸ್ಕೃತದ ‘ಧಿಕ್’ ಸಾಮಾನ್ಯವಾಗಿ ದ್ವಿತೀಯಾ ವಿಭಕ್ತಿಯನ್ನು ಬೇಡುತ್ತದೆ. ಕನ್ನಡ ಅದನ್ನು ಚತುರ್ಥಿಗೆ ತಿರುಗಿಸಿ ‘ಸರ್ಕಾರಕ್ಕೆ ಧಿಕ್ಕಾರ’ ಎಂದಿತು. ಕ್ರಿಯಾಪದವಾದಾಗ ಮಾತ್ರ ‘ಸರ್ಕಾರವನ್ನು ಧಿಕ್ಕರಿಸು’ ಎಂದು ಮತ್ತೆ ದ್ವಿತೀಯಾ. ಅಲ್ಲಿ ಅರ್ಥವೂ ನಿಂದೆಯಿಂದ ಲೆಕ್ಕಿಸದೆ ಮೀರಿ ನಡೆಯುವ ಕಡೆಗೆ ಸರಿದಿದೆ. ಎರವಲು ಸೊತ್ತನ್ನು ನಮ್ಮ ವ್ಯಾಕರಣ ಹೀಗೆ ಪಳಗಿಸಿಕೊಂಡಿತು. ‘ನಿಮ್ಮ ಮೇಲೆ ನಾಚಿಕೆ’ಯಲ್ಲಿ ಆದದ್ದು ಇದರ ತಿರುವುಮುರುವು: ಪದಗಳು ನಮ್ಮವು, ವ್ಯಾಕರಣ ಅವರದು.

ಹಾಗಾದರೆ ಧಿಕ್ಕಾರವೂ ಹೊರಗಿನಿಂದ ಹೊರಿಸಿದ್ದೇ ಅಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಹೌದು, ಆದರೆ ಅದು ಕೂಗುವವನ ತಿರಸ್ಕಾರ, ಕೇಳಿಸಿಕೊಂಡವನ ನಾಚಿಕೆಯಲ್ಲ. ಆದ್ದರಿಂದಲೇ ಅದು ಮುಖವಿಲ್ಲದ ಸಂಸ್ಥೆಗಳಿಗೆ ಒಗ್ಗುತ್ತದೆ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡೆವೆಂದು ರೈತರು ನಿಂತಾಗ, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದಾಳಾದಾಗ, ಎದುರಿಗಿದ್ದದ್ದು ಕಂಪನಿ. ‘ನಾಚಿಕಿ ಬರಂಗಿಲ್ಲೇನ್’ ಎಂದು ಕಂಪನಿಯನ್ನು ಕೇಳಿ ಫಲವಿಲ್ಲ, ಅಲ್ಲಿ ಸಲ್ಲುವುದು ಧಿಕ್ಕಾರವೇ. ಕೊನೆಗೆ 2011ರಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಇನ್ನು ಶಾಸನಸಭೆಯ ‘ಶೇಮ್ ಶೇಮ್’: ಚಡ್ಡಿ ಹಾಕದ ಕೂಸಿಗೆ ಮನೆಮಂದಿ ನಗುತ್ತ ಹೇಳುವುದೂ ಅದನ್ನೇ, ಹೀಗಾಗಿ ಮಂತ್ರಿಗಳಿಗೆ ಅದು ಅಷ್ಟಾಗಿ ತಾಕದಿದ್ದರೆ ಅಚ್ಚರಿಯಿಲ್ಲ.